ಹೆಣ ಕದ್ದವರು, ಗೋರಿ ಅಗೆದವರು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹೊಸನಗರದ ಕಡೆಯವನು. 30 ವರ್ಷ ಇತಿಹಾಸ ಪಾಠ ಮಾಡಿ ಈಗ ಶಿವಮೊಗ್ಗದಲ್ಲಿದ್ದೇನೆ. ಈ ವಿಷಯಕ್ಕೆ ನಾನು ಬಂದದ್ದು ಅಮ್ಮನಿಂದ. ತನ್ನ ದೇಹವನ್ನು ವೈದ್ಯಕೀಯ ಕಾಲೇಜಿಗೆ ಕೊಡಬೇಕು ಎಂದು ಅವಳು ಬರೆದಿಟ್ಟಿದ್ದಳು. ನಾವು ಹಾಗೇ ಮಾಡಿದೆವು. "ಮಣ್ಣಿಗೂ ಇಲ್ಲ, ಬೆಂಕಿಗೂ ಇಲ್ಲ, ಇದೆಂಥದು ಮಾರಾಯ?" ಎಂದು ನೆಂಟರು ಕೇಳಿದರು. ಅವರಿಗೆ ಉತ್ತರ ಹೇಳಬೇಕೆಂದು ಓದಲು ಕುಳಿತೆ. ಓದಿದಷ್ಟೂ ಹಳೆಯ ಕಳ್ಳತನಗಳ ಕಥೆಗಳೇ ಸಿಕ್ಕವು. ಅದನ್ನೆಲ್ಲ ಹೇಳತೊಡಗಿದ ಮೇಲೆ ಮದುವೆಮನೆ ಜಗಲಿಯಲ್ಲಿ, ಶಾಲೆಯಲ್ಲಿ, ಕಾಗದದಲ್ಲಿ ಜನ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ.

## ಮೊದಲು ಕೇಳುವ ಪ್ರಶ್ನೆಗಳು

ಅಲ್ಲ ಸಾರ್, ಸತ್ತವರನ್ನು ಕದ್ದು ಏನ್ ಮಾಡ್ತಾರೆ?

ಒಂದೊಂದು ಕಾಲದಲ್ಲಿ ಒಂದೊಂದು ಕಾರಣ. ಸತ್ತವರ ಜೊತೆ ಹೂಳಿದ ಚಿನ್ನ, ಮುತ್ತು, ಪಾತ್ರೆಗಾಗಿ ಗೋರಿ ಅಗೆದವರೇ ಜಾಸ್ತಿ. ಯುರೋಪಿನಲ್ಲಿ ಒಂದು ಕಾಲಕ್ಕೆ ಹೆಣವೇ ಮಾರುವ ಸರಕಾಯಿತು. ಕೊಳ್ಳುತ್ತಿದ್ದವರು ಅಂಗರಚನೆ ಕಲಿಸುವ ಡಾಕ್ಟರುಗಳು. ಇನ್ನು ಕೆಲವರು ಹೆಸರುವಾಸಿಯಾದವರ ಹೆಣ ಕದ್ದು ಮನೆಯವರ ಹತ್ತಿರ ದುಡ್ಡು ಕೇಳಿದರು.

ಭಕ್ತಿಗಾಗಿ ಕದ್ದವರೂ ಇದ್ದಾರೆ. 828ರಲ್ಲಿ ವೆನಿಸ್ಸಿನ ವ್ಯಾಪಾರಿಗಳು ಅಲೆಕ್ಸಾಂಡ್ರಿಯಾದಿಂದ ಸಂತ ಮಾರ್ಕನ ಅವಶೇಷವನ್ನು ಹೊತ್ತು ತಂದರು. ಕಾವಲಿನವರು ಮುಟ್ಟಬಾರದೆಂದು ಮೇಲೆ ಹಂದಿಮಾಂಸ ಮುಚ್ಚಿದ್ದರು ಎಂಬ ಕಥೆಯನ್ನು ವೆನಿಸ್ಸಿನವರು ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದಾರೆ. ಅಧಿಕಾರಕ್ಕಾಗಿಯೂ ಕದ್ದಿದ್ದಾರೆ. ಅಲೆಗ್ಸಾಂಡರನ ಶವಯಾತ್ರೆ ಮ್ಯಾಸಿಡೋನಿಯಾದ ಕಡೆ ಹೊರಟಿದ್ದಾಗ ಅವನ ಸೇನಾಪತಿ ಟಾಲೆಮಿ ದಾರಿಯಲ್ಲೇ ಅದನ್ನು ತಿರುಗಿಸಿ ಈಜಿಪ್ಟಿಗೆ ಒಯ್ದ. ದೊರೆಯ ದೇಹ ಯಾರ ಹತ್ತಿರವೋ ಗದ್ದುಗೆಯ ಹಕ್ಕೂ ಅವರದು ಎಂಬ ಲೆಕ್ಕ ಅದು.

ಗೋರಿ ಕಳ್ಳರು, ಹೆಣದ ಕಳ್ಳರು ಇಬ್ಬರೂ ಒಂದೇ ಅಲ್ವಾ?

ಅಲ್ಲ. ಗೋರಿ ಕಳ್ಳನಿಗೆ ಒಡವೆ ಬೇಕು, ಹೆಣ ಬೇಡ. ಹೆಣದ ಕಳ್ಳನಿಗೆ ಹೆಣ ಬೇಕು, ಉಳಿದದ್ದು ಬೇಡ. 18ನೇ ಶತಮಾನದ, 19ನೇ ಶತಮಾನದ ಆರಂಭದ ಇಂಗ್ಲೆಂಡಿನಲ್ಲಿ ಹೆಣ ಯಾರ ಸ್ವತ್ತೂ ಆಗಿರಲಿಲ್ಲ. ಹಾಗಾಗಿ ಅದನ್ನು ಒಯ್ದರೆ ಸಣ್ಣ ಅಪರಾಧ, ದಂಡವೋ ಕೆಲವು ತಿಂಗಳ ಜೈಲೋ ಆಗುತ್ತಿತ್ತು. ಹೆಣಕ್ಕೆ ಸುತ್ತಿದ ಬಟ್ಟೆಯನ್ನು ಒಯ್ದರೆ ಅದು ನಿಜವಾದ ಕಳ್ಳತನ, ಶಿಕ್ಷೆ ಬಹಳ ಜೋರು. ಅದಕ್ಕೇ ಅವರು ಬಟ್ಟೆ ಬಿಚ್ಚಿ, ಉಂಗುರ ಕಳಚಿ, ಎಲ್ಲವನ್ನೂ ಗುಂಡಿಗೆ ವಾಪಸ್ ಹಾಕುತ್ತಿದ್ದರು. ಮನುಷ್ಯನಿಗಿಂತ ಅವನ ಹೊದಿಕೆಗೆ ಜಾಸ್ತಿ ಬೆಲೆ ಕೊಟ್ಟ ಕಾನೂನು. ಮೊದಲ ಸಲ ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಅಂಗಳಕ್ಕೆ ಹೋಗಿ ನಿಂತಿದ್ದೆ.

ಇದು ಯಾವ ಕಾಲದಿಂದ ನಡೀತಿದೆ?

ಸುಮಾರು 3,100 ವರ್ಷ ಹಿಂದಿನ ಕೋರ್ಟು ದಾಖಲೆಯೇ ನಮ್ಮ ಕೈಯಲ್ಲಿದೆ. ಈಜಿಪ್ಟಿನಲ್ಲಿ ಒಂಬತ್ತನೇ ರಾಮ್ಸೆಸ್ ಆಳುತ್ತಿದ್ದಾಗ ಥೀಬ್ಸ್ ಊರಿನಲ್ಲಿ ರಾಜರ ಸಮಾಧಿಗಳ ಕಳ್ಳತನದ ವಿಚಾರಣೆ ನಡೆಯಿತು. ಅದನ್ನು ಪಪೈರಸ್ ಹಾಳೆಗಳಲ್ಲಿ ಬರೆದಿಟ್ಟರು. ಅಮೆನ್‌ಪನೂಫರ್ ಎಂಬ ಕಲ್ಲುಕುಟಿಗ ತಾನೂ ಜೊತೆಗಾರರೂ ಸೊಬೆಕೆಮ್ಸಾಫ್ ಎಂಬ ರಾಜನ ಸಮಾಧಿಗೆ ಕನ್ನ ಕೊರೆದು, ಚಿನ್ನ ಕಿತ್ತು, ಶವಪೆಟ್ಟಿಗೆಗಳಿಗೆ ಬೆಂಕಿ ಹಚ್ಚಿದ್ದನ್ನು ಒಪ್ಪಿಕೊಂಡ.

ಅವನು ಹೊರಗಿನ ಡಕಾಯಿತನಲ್ಲ, ಕಲ್ಲು ಕಡಿಯುವ ಕೆಲಸದವನು. ಬಂಡೆ ಎಲ್ಲಿ ಮೆತ್ತಗೆ, ಎಲ್ಲಿ ಗಟ್ಟಿ ಎಂದು ತಿಳಿದವನು. ಊರಿನ ಪೂರ್ವ ಭಾಗದ ಮುಖ್ಯಸ್ಥನೇ ಪಶ್ಚಿಮ ಭಾಗದವನ ಮೇಲೆ ದೂರು ಕೊಟ್ಟಿದ್ದ ಎಂದೂ ದಾಖಲೆಯಲ್ಲಿದೆ. ಗೋರಿ ಕಳ್ಳತನ ಎಲ್ಲೇ ನಡೆಯಲಿ, ಒಳಗಿನವರೊಬ್ಬರ ಕೈ ಇದ್ದೇ ಇರುತ್ತದೆ.

ಗೋರಿ ಮುಟ್ಟಿದವರಿಗೆ ಶಾಪ ತಟ್ಟುತ್ತಂತೆ, ಹೌದಾ?

ಇಲ್ಲ. ಟುಟಾಂಖಾಮುನ್ ಸಮಾಧಿಗೆ ಹಳೆಯ ಕಾಲದಲ್ಲೇ ಎರಡು ಸಲ ಕಳ್ಳರು ನುಗ್ಗಿದ್ದರು. 1922ರಲ್ಲಿ ಅದನ್ನು ಪತ್ತೆ ಮಾಡಿದ ಹೋವರ್ಡ್ ಕಾರ್ಟರ್ 1939ರವರೆಗೆ ಬದುಕಿದ್ದ. ದುಡ್ಡು ಹಾಕಿದ್ದ ಲಾರ್ಡ್ ಕಾರ್ನರ್‌ವನ್ 1923ರಲ್ಲಿ ಸೊಳ್ಳೆ ಕಚ್ಚಿದ ಗಾಯ ನಂಜಾಗಿ ತೀರಿಕೊಂಡ. ಪತ್ರಿಕೆಗಳು ಅದಕ್ಕೆ ಶಾಪದ ಬಣ್ಣ ಹಚ್ಚಿದವು.

ಎಲ್ಲಕ್ಕಿಂತ ದೊಡ್ಡ ಗೋರಿ ಲೂಟಿ ಯಾವುದು?

ತೂಕ ಹಾಕಿ ಹೇಳುವುದು ಕಷ್ಟ. ನನ್ನ ಮನಸ್ಸಿಗೆ ಬರುವುದು 1928ರ ಚೀನಾ. ಸುನ್ ದಿಯಾನ್‌ಯಿಂಗ್ ಎಂಬ ಸೇನಾಧಿಪತಿ ಸೈನಿಕರನ್ನು ಕರೆದುಕೊಂಡು ಹೋಗಿ, ಸಿಡಿಮದ್ದಿಟ್ಟು, ಚೀನಾವನ್ನು ಆಳಿದ್ದ ಚಿಂಗ್ ವಂಶದ ಪೂರ್ವ ದಿಕ್ಕಿನ ರಾಜಸಮಾಧಿಗಳನ್ನು ಒಡೆಸಿದ. ಚಿಯೆನ್‌ಲುಂಗ್ ಚಕ್ರವರ್ತಿಯ ಗೋರಿ, ಆಗ 20 ವರ್ಷ ಹಿಂದಷ್ಟೇ ತೀರಿಕೊಂಡಿದ್ದ ರಾಣಿ ಸಿಶಿಯ ಗೋರಿ ಎರಡೂ ಬರಿದಾದವು. ರಾಣಿಯ ದೇಹವನ್ನೂ ಹೊರಗೆಳೆದು ಬಿಸಾಡಿದರು. ಅವನಿಗೆ ಶಿಕ್ಷೆಯಾಗಲಿಲ್ಲ. ಸಮವಸ್ತ್ರ ತೊಟ್ಟವನು ಹಗಲಲ್ಲೇ ಕದಿಯಬಲ್ಲ.

## ಹೆಣದ ವ್ಯಾಪಾರದ ಬಗ್ಗೆ

ಡಾಕ್ಟರುಗಳಿಗೆ ಕದ್ದ ಹೆಣ ಯಾಕೆ ಬೇಕಿತ್ತು? ಕೇಳಿ ತಗೋಬಹುದಿತ್ತಲ್ಲ?

ಕೇಳಿದರೆ ಯಾರೂ ಕೊಡುತ್ತಿರಲಿಲ್ಲ. ಕೇಳುವ ಪದ್ಧತಿಯೂ ಇರಲಿಲ್ಲ. 1540ರಲ್ಲಿ ಇಂಗ್ಲೆಂಡಿನ ಎಂಟನೇ ಹೆನ್ರಿ ಶಸ್ತ್ರವೈದ್ಯರ ಸಂಘಕ್ಕೆ ವರ್ಷಕ್ಕೆ 4 ಹೆಣ ಕೊಟ್ಟ, ಅದೂ ಗಲ್ಲಿಗೇರಿದವರದ್ದು. 1752ರಿಂದ ಕೊಲೆಗಾರರ ಹೆಣಗಳನ್ನು ಕೊಯ್ಯಲು ಕೊಡಬೇಕು ಎಂದಾಯಿತು. ಅದನ್ನು ಶಿಕ್ಷೆಯ ಭಾಗವಾಗಿಯೇ ಕಾನೂನಿನಲ್ಲಿ ಬರೆದರು. ಗಲ್ಲಿನ ಮೇಲೆ ಇನ್ನೊಂದು ಅವಮಾನ. ಹೀಗಿರುವಾಗ ಮರ್ಯಾದಸ್ಥ ಮನೆಯವರು ಅಪ್ಪನ ದೇಹವನ್ನು ಪಾಠಕ್ಕೆ ಕೊಡುತ್ತಾರಾ?

ಅತ್ತ ಲಂಡನ್, ಎಡಿನ್‌ಬರೋ ಊರುಗಳಲ್ಲಿ ವೈದ್ಯಕೀಯ ಶಾಲೆಗಳು ಹೆಚ್ಚುತ್ತಾ ಹೋದವು. ಆಗ ಅರಿವಳಿಕೆ ಇರಲಿಲ್ಲ. ಎಚ್ಚರವಿರುವ ರೋಗಿಯ ಕಾಲು ಕತ್ತರಿಸುವವನಿಗೆ ನರ ಎಲ್ಲಿದೆ, ರಕ್ತನಾಳ ಎಲ್ಲಿದೆ ಎಂದು ಕೈಗೇ ಗೊತ್ತಿರಬೇಕು. ಹೆಣ ಕೊಯ್ದು ಕಲಿಯದವನ ಕೈಗೆ ಸಿಕ್ಕರೆ ರೋಗಿಯ ಗತಿ ಮುಗಿಯಿತು. ಹೀಗಾಗಿ ಒಳ್ಳೆಯ ವೈದ್ಯರೂ ಕಳ್ಳರ ಹತ್ತಿರ ಕೊಂಡರು. ಲಂಡನ್ನಿನ ಪ್ರಸಿದ್ಧ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ 1828ರಲ್ಲಿ ಪಾರ್ಲಿಮೆಂಟಿನ ಸಮಿತಿ ಮುಂದೆ, ತಾನು ಬೇಕೆಂದರೆ ಎಂಥ ದೊಡ್ಡವರ ದೇಹವನ್ನಾದರೂ ತರಿಸಬಲ್ಲೆ ಎಂದು ಒಪ್ಪಿಕೊಂಡ.

ನಮ್ಮ ನೆಲದಲ್ಲಿ ಸುಶ್ರುತ ಬೇರೆ ದಾರಿ ಹೇಳಿದ್ದಾನೆ. ದೇಹಕ್ಕೆ ಹುಲ್ಲು, ನಾರು ಸುತ್ತಿ, ಬೋನಿನಲ್ಲಿಟ್ಟು, ನಿಧಾನ ಹರಿಯುವ ನೀರಿನಲ್ಲಿ 7 ರಾತ್ರಿ ಇಡಬೇಕು. ಆಮೇಲೆ ಲಾವಂಚ, ಬಿದಿರಿನ ಕುಂಚಗಳಿಂದ ಮೆಲ್ಲಗೆ ಉಜ್ಜುತ್ತಾ ಪದರ ಪದರವಾಗಿ ನೋಡಬೇಕು. ಮುಂದೆ ಈ ಅಭ್ಯಾಸ ನಿಂತೇಹೋಯಿತು. 1836ರಲ್ಲಿ ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ಮಧುಸೂದನ ಗುಪ್ತ ಎಂಬ ವೈದ್ಯರು ಹೆಣ ಕೊಯ್ದು ತೋರಿಸಿದ್ದು ದೊಡ್ಡ ಸುದ್ದಿಯಾಯಿತು.

ಒಂದೇ ರಾತ್ರಿಯಲ್ಲಿ ಗುಂಡಿ ತೋಡಿ, ಗೊತ್ತಾಗದ ಹಾಗೆ ಮುಚ್ಚೋಕಾಗುತ್ತಾ?

ತೋಟದ ಕೆಲಸ ಮಾಡಿದವರು ಕೇಳುವ ಪ್ರಶ್ನೆ ಇದು. ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಆಳುದ್ದ ಗುಂಡಿ ಅಂದರೆ ಒಂದು ದಿನದ ಕೆಲಸ. ಇಂಗ್ಲೆಂಡಿನ ಹೆಣದ ಕಳ್ಳರು ಪೂರ್ತಿ ಗುಂಡಿ ತೋಡುತ್ತಿರಲಿಲ್ಲ. ಹೊಸದಾಗಿ ಹೂತ ಗೋರಿಯ ಮಣ್ಣು ಸಡಿಲ ಇರುತ್ತದೆ. ತಲೆಯ ಕಡೆ ಮಾತ್ರ ಬಾವಿಯ ಹಾಗೆ ತೋಡಿ, ಪೆಟ್ಟಿಗೆಯ ಮುಚ್ಚಳಕ್ಕೆ ಕೊಕ್ಕೆ ಹಾಕಿ ಎತ್ತುತ್ತಿದ್ದರು. ಮುಚ್ಚಳದ ಇನ್ನರ್ಧದ ಮೇಲೆ ಮಣ್ಣಿನ ಭಾರ ಇರುವುದರಿಂದ ಅದು ನಡುವೆ ಮುರಿಯುತ್ತಿತ್ತು. ಹಗ್ಗ ಕಟ್ಟಿ ಹೆಣವನ್ನು ಮೇಲೆಳೆಯುತ್ತಿದ್ದರು. ಸದ್ದಾಗಬಾರದೆಂದು ಮರದ ಗುದ್ದಲಿ. ಮಣ್ಣು ಹುಲ್ಲಿನ ಮೇಲೆ ಚೆಲ್ಲಬಾರದೆಂದು ಪಕ್ಕದಲ್ಲಿ ಗೋಣಿತಟ್ಟು.

ಚಳಿಗಾಲವೇ ಅವರ ಸುಗ್ಗಿ. ದೇಹ ಬೇಗ ಕೆಡುವುದಿಲ್ಲವೆಂದು ಕೊಯ್ದು ಕಲಿಯುವ ಪಾಠವನ್ನು ಆಗಲೇ ಇಟ್ಟುಕೊಳ್ಳುತ್ತಿದ್ದರು. ಮಕ್ಕಳ ದೇಹಕ್ಕೆ ಬೇರೆ ಬೆಲೆ ಇತ್ತು. ಅಳತೆ ಮಾಡಿ, ಇಂಚಿಗೆ ಇಷ್ಟು ಎಂದು ಮಾರುತ್ತಿದ್ದರು. ಇದಕ್ಕಿಂತ ಹೆಚ್ಚು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಮನೆಯವರು ಏನೂ ಮಾಡಲಿಲ್ವಾ?

ಮಾಡಿದರು. ಸ್ಕಾಟ್ಲೆಂಡಿನ ಹಳೆಯ ಚರ್ಚಿನ ಅಂಗಳಗಳಲ್ಲಿ ಗೋರಿಯ ಮೇಲೆ ಕಬ್ಬಿಣದ ಪಂಜರಗಳು ಇಂದಿಗೂ ಕಾಣಸಿಗುತ್ತವೆ. ದೇಹ ಕೆಡುವವರೆಗೆ ಕೆಲವು ವಾರ ಪಂಜರ ಇಟ್ಟು, ಮತ್ತೆ ಬೇರೆಯವರ ಗೋರಿಗೆ ಒಯ್ಯುತ್ತಿದ್ದರು. ಕಾವಲುಗೋಪುರ ಕಟ್ಟಿ ಸರದಿ ಕಾದರು. ಇದೆಲ್ಲ ಅನುಕೂಲಸ್ಥರಿಗೆ ಆಯಿತು. ಬಡವರು ಮಣ್ಣಿನ ನಡುವೆ ಹುಲ್ಲು, ಕಡ್ಡಿ ಪದರ ಹಾಕಿ ಅಗೆಯಲು ಕಷ್ಟವಾಗುವ ಹಾಗೆ ಮಾಡುತ್ತಿದ್ದರು. ಸಣ್ಣ ಕಲ್ಲೋ ಹೂವೋ ಗುರುತಿಟ್ಟು ಬೆಳಗ್ಗೆ ಬಂದು ನೋಡುತ್ತಿದ್ದರು.

ಸಿಟ್ಟು ಬೀದಿಗೂ ಬಂತು. 1788ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಜನ ಆಸ್ಪತ್ರೆಗೆ ನುಗ್ಗಿದರು. ಅದಕ್ಕೂ ಮೊದಲು ಅಲ್ಲಿನ ಕಪ್ಪು ಜನರು ತಮ್ಮ ಸ್ಮಶಾನ ಅಗೆಯುವುದನ್ನು ನಿಲ್ಲಿಸಿ ಎಂದು ನಗರಸಭೆಗೆ ಮನವಿ ಕೊಟ್ಟಿದ್ದರು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಬಿಳಿಯರ ಗೋರಿಯೊಂದಕ್ಕೂ ಕೈ ಹಾಕಿದ ಸುದ್ದಿ ಹಬ್ಬಿದ ಮೇಲೆ ಊರು ಹೊತ್ತಿಕೊಂಡಿತು.

ಬರ್ಕ್ ಮತ್ತು ಹೇರ್ ಅನ್ನೋರು ಒಟ್ಟು ಎಷ್ಟು ಗೋರಿ ಅಗೆದರು?

ಒಂದೂ ಇಲ್ಲ. ಲೋಕದ ಅತಿ ಕುಖ್ಯಾತ ಹೆಣದ ಕಳ್ಳರೆಂದು ಹೆಸರಾದ ಈ ಇಬ್ಬರು ಸ್ಮಶಾನದ ಕಡೆ ಹೋಗಲೇ ಇಲ್ಲ.

ಎಡಿನ್‌ಬರೋದಲ್ಲಿ ವಿಲಿಯಂ ಹೇರ್‌ನ ಮನೆ ಬಡವರು ದುಡ್ಡು ಕೊಟ್ಟು ರಾತ್ರಿ ತಂಗುವ ಜಾಗ. 1827ರ ಕೊನೆಗೆ ಅಲ್ಲಿದ್ದ ಒಬ್ಬ ಮುದುಕ ಕಾಯಿಲೆಯಿಂದ ಸತ್ತ. ಅವನು 4 ಪೌಂಡ್ ಬಾಕಿ ಕೊಡಬೇಕಿತ್ತು. ಹೇರ್ ಮತ್ತು ವಿಲಿಯಂ ಬರ್ಕ್ ಸೇರಿ ಪೆಟ್ಟಿಗೆಗೆ ಮರದ ತೊಗಟೆ ತುಂಬಿ ಹೂಳಲು ಕಳಿಸಿ, ಹೆಣವನ್ನು ಡಾಕ್ಟರ್ ರಾಬರ್ಟ್ ನಾಕ್ಸ್‌ನ ಶಾಲೆಗೆ ಒಯ್ದರು. 7 ಪೌಂಡ್ 10 ಶಿಲ್ಲಿಂಗ್ ಸಿಕ್ಕಿತು. ಎಲ್ಲಿಂದ ತಂದಿರಿ ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಆಮೇಲೆ ಸಾಯಲಿ ಎಂದು ಅವರು ಕಾಯಲಿಲ್ಲ. ಸುಮಾರು ಹತ್ತು ತಿಂಗಳಲ್ಲಿ 16 ಜನರನ್ನು ಕೊಂದರು. ಹೆಂಡ ಕುಡಿಸಿ, ಮಲಗಿದ ಮೇಲೆ ಒಬ್ಬ ಎದೆಯ ಮೇಲೆ ಭಾರ ಹಾಕಿ, ಇನ್ನೊಬ್ಬ ಮೂಗು ಬಾಯಿ ಮುಚ್ಚುತ್ತಿದ್ದ. ಗಾಯದ ಗುರುತು ಇರುತ್ತಿರಲಿಲ್ಲ. ಬೇಸಿಗೆಯಲ್ಲಿ ಹೆಣಕ್ಕೆ 8 ಪೌಂಡ್, ಚಳಿಗಾಲದಲ್ಲಿ 10. ಸತ್ತವರಲ್ಲಿ ಹೆಚ್ಚಿನವರು ಭಿಕ್ಷೆ ಬೇಡುವವರು, ಒಂಟಿ ಹೆಂಗಸರು, ಕೆಲಸ ಹುಡುಕಿಕೊಂಡು ಬಂದವರು. ಜೇಮ್ಸ್ ವಿಲ್ಸನ್ ಎಂಬ ಬುದ್ಧಿ ಬೆಳೆಯದ ಹುಡುಗ ಇಡೀ ಊರಿಗೇ ಪರಿಚಿತ. ಮೇಜಿನ ಮೇಲೆ ಅವನ ದೇಹ ಬಂದಾಗ ವಿದ್ಯಾರ್ಥಿಗಳು ಗುರುತು ಹಿಡಿದರು. ಅವನಲ್ಲ ಎಂದು ನಾಕ್ಸ್ ಸಾಧಿಸಿದ.

1828ರ ಅಕ್ಟೋಬರ್ 31ರಂದು ಕೊಂದ ಹೆಂಗಸಿನ ಹೆಣ ಬರ್ಕ್‌ನ ಮನೆಯಲ್ಲಿ ತಂಗಿದ್ದವರ ಕಣ್ಣಿಗೆ ಬಿತ್ತು. ಹೇರ್ ಸರ್ಕಾರದ ಪರ ಸಾಕ್ಷಿ ಹೇಳಿ ಪಾರಾದ. ಬರ್ಕ್‌ನನ್ನು 1829ರ ಜನವರಿ 28ರಂದು ಗಲ್ಲಿಗೇರಿಸಿ, ಜನರೆದುರು ಕೊಯ್ದರು. ಅವನ ಅಸ್ಥಿಪಂಜರ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಇಂದಿಗೂ ಇದೆ. ನಾಕ್ಸ್ ಮೇಲೆ ಮೊಕದ್ದಮೆಯೇ ಆಗಲಿಲ್ಲ. ಇಡೀ ಕಥೆಯಲ್ಲಿ ನನಗೆ ಜೀರ್ಣವಾಗದ್ದು ಇದೇ. ಕೊಂದವರು ಇಬ್ಬರು. ಕೇಳದೆ ಕೊಂಡವರು ಎಷ್ಟು ಜನ!

ಆಮೇಲೆ ಕಾನೂನು ಬಂದು ಎಲ್ಲ ಸರಿಹೋಯ್ತು ಅಲ್ವಾ?

ಬ್ರಿಟನ್ನಿನಲ್ಲಿ ಕಳ್ಳತನ ನಿಂತಿತು. ಅನ್ಯಾಯ ನಿಲ್ಲಲಿಲ್ಲ. 1831ರಲ್ಲಿ ಲಂಡನ್ನಿನಲ್ಲೂ ಬಿಷಪ್, ವಿಲಿಯಮ್ಸ್ ಎಂಬ ಇಬ್ಬರು ಹುಡುಗನೊಬ್ಬನನ್ನು ಕೊಂದು ಹೆಣ ಮಾರಲು ಹೋಗಿ ಸಿಕ್ಕಿಬಿದ್ದರು. ಮರುವರ್ಷ, 1832ರಲ್ಲಿ, ಬ್ರಿಟನ್ನಿನ ಅಂಗರಚನಾ ಕಾಯ್ದೆ ಬಂತು. ಅನಾಥಾಲಯ, ಬಡವರ ಆಶ್ರಯಮನೆಗಳಲ್ಲಿ ಸತ್ತು, ಯಾರೂ ಕೇಳಿಕೊಂಡು ಬಾರದವರ ದೇಹಗಳು ಕಾನೂನಿನ ಪ್ರಕಾರವೇ ವೈದ್ಯಕೀಯ ಶಾಲೆಗೆ ಹೋದವು. ಕಳ್ಳರ ವ್ಯಾಪಾರ ನೆಲಕಚ್ಚಿತು. ನಿನ್ನೆಯವರೆಗೆ ಕೊಲೆಗಾರನಿಗಿದ್ದ ಶಿಕ್ಷೆ ಬಡವನ ಪಾಲಿಗೆ ಬಂತು. ಅವನನ್ನು ಬದುಕಿದ್ದಾಗ ಯಾರೂ ಕೇಳಿರಲಿಲ್ಲ.

ಅಮೆರಿಕದ ಜಾರ್ಜಿಯಾದ ಮೆಡಿಕಲ್ ಕಾಲೇಜು 1852ರಲ್ಲಿ ಗ್ರಾಂಡಿಸನ್ ಹ್ಯಾರಿಸ್ ಎಂಬ ಗುಲಾಮನನ್ನೇ ಕೊಂಡುಕೊಂಡಿತು, ಹೆಣ ತರಲಿಕ್ಕೆ. ಅವನು ಅಗೆದದ್ದು ತನ್ನದೇ ಜನರ ಸ್ಮಶಾನ. 1989ರಲ್ಲಿ ಆ ಕಟ್ಟಡದ ನೆಲಮಾಳಿಗೆಯಲ್ಲಿ ಸಾವಿರಾರು ಮೂಳೆಗಳು ಸಿಕ್ಕವು. ಬಹುಪಾಲು ಕಪ್ಪು ಜನರವು.

ಕರ್ನಾಟಕದಲ್ಲಿ 1957ರ ಅಂಗರಚನಾ ಕಾಯ್ದೆ ಇದೆ. ವಾರಸುದಾರರಿಲ್ಲದ ದೇಹಗಳನ್ನು ಪಾಠಕ್ಕೆ ಕೊಡಲು ಇದೂ ಅವಕಾಶ ಮಾಡಿಕೊಡುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಮಲಗಿದ್ದ ಗುರುತಿಲ್ಲದ ಅಜ್ಜನನ್ನು ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಡಾಕ್ಟರಾಗುವ ಹುಡುಗರಿಗೆ ದೇಹ ಬೇಕೇ ಬೇಕು. ಕೊಡಬೇಕಾದವರು ಮಾತ್ರ ಮನೆಮಠ ಇರುವ ನಾವು.

ದೊಡ್ಡವರ ಗೋರಿ ಮುಟ್ಟೋ ಧೈರ್ಯ ಯಾರಿಗೂ ಇರಲಿಲ್ಲ ಅನ್ಸುತ್ತೆ?

ಇತ್ತು. 1878ರಲ್ಲಿ ಅಮೆರಿಕದ ಓಹಾಯೊದಲ್ಲಿ ಜಾನ್ ಸ್ಕಾಟ್ ಹ್ಯಾರಿಸನ್ ತೀರಿಕೊಂಡ. ಅವನ ಅಪ್ಪ ಅಮೆರಿಕದ ಅಧ್ಯಕ್ಷನಾಗಿದ್ದವನು. ಮುಂದೆ ಅವನ ಮಗನೂ ಅಧ್ಯಕ್ಷನಾದ. ಹೂಳುವ ದಿನ ಪಕ್ಕದಲ್ಲೇ ಪರಿಚಯದ ಯುವಕನೊಬ್ಬನ ಗೋರಿ ಖಾಲಿಯಾಗಿದ್ದು ಕಂಡಿತು. ಹಾಗಾಗಿ ಹ್ಯಾರಿಸನ್ ಗೋರಿಯ ಮೇಲೆ ದೊಡ್ಡ ಚಪ್ಪಡಿ ಹಾಕಿಸಿ ಕಾವಲಿಟ್ಟರು. ಮರುದಿನ ಇನ್ನೊಬ್ಬ ಮಗ ಆ ಯುವಕನ ಹೆಣ ಹುಡುಕುತ್ತಾ ಸಿನ್ಸಿನಾಟಿಯ ವೈದ್ಯಕೀಯ ಕಾಲೇಜಿಗೆ ಹೋದ. ಅಲ್ಲಿ ಹಗ್ಗದಲ್ಲಿ ನೇತಾಡುತ್ತಿದ್ದ ದೇಹದ ಮುಖದ ಬಟ್ಟೆ ಸರಿಸಿದರೆ, ಅದು ತನ್ನ ಅಪ್ಪ.

ಅಬ್ರಹಾಂ ಲಿಂಕನ್ ದೇಹವನ್ನು ಕದಿಯಲು 1876ರ ನವೆಂಬರ್ 7ರ ರಾತ್ರಿ ಖೋಟಾ ನೋಟಿನ ಗುಂಪು ಹೊಂಚುಹಾಕಿತ್ತು. ಜೈಲಿನಲ್ಲಿದ್ದ ತಮ್ಮವನ ಬಿಡುಗಡೆ, ಜೊತೆಗೆ 2,00,000 ಡಾಲರ್ ಅವರ ಬೇಡಿಕೆಯಾಗಲಿತ್ತು. ಗುಂಪಿನೊಳಗೇ ಸರ್ಕಾರಿ ಪತ್ತೇದಾರರ ಮಾಹಿತಿದಾರ ಇದ್ದದ್ದರಿಂದ ಕೆಲಸ ಕೆಟ್ಟಿತು. 1901ರಲ್ಲಿ ಲಿಂಕನ್ ಪೆಟ್ಟಿಗೆಯನ್ನು ಕಾಂಕ್ರೀಟಿನಲ್ಲಿ ಹೂತರು.

ನಗಿಸುವ ಚಾರ್ಲಿ ಚಾಪ್ಲಿನ್‌ಗೂ ಇದು ತಪ್ಪಲಿಲ್ಲ. 1978ರ ಮಾರ್ಚ್‌ನಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಇಬ್ಬರು ಮೆಕ್ಯಾನಿಕ್‌ಗಳು ಪೆಟ್ಟಿಗೆ ಸಮೇತ ಒಯ್ದು 6,00,000 ಡಾಲರ್ ಕೇಳಿದರು. ಹೆಂಡತಿ ಊನಾ ಕೊಡಲಿಲ್ಲ. ಪೊಲೀಸರು ಸುಮಾರು 200 ಟೆಲಿಫೋನ್ ಬೂತುಗಳ ಮೇಲೆ ಕಣ್ಣಿಟ್ಟು ಕಳ್ಳರನ್ನು ಹಿಡಿದರು. ಪೆಟ್ಟಿಗೆ ಜೋಳದ ಹೊಲವೊಂದರಲ್ಲಿತ್ತು.

ಸಂಗೀತಗಾರ ಹೈಡನ್ ಕಥೆ ಇನ್ನೂ ವಿಚಿತ್ರ. 1809ರಲ್ಲಿ ಅವನನ್ನು ಹೂತ ಕೆಲವೇ ದಿನಗಳಲ್ಲಿ ಇಬ್ಬರು ಅಭಿಮಾನಿಗಳು ತಲೆ ಕದ್ದರು. ಬುರುಡೆಯ ಆಕಾರದಲ್ಲಿ ಪ್ರತಿಭೆ ಕಾಣುತ್ತದೆ ಎಂಬ ಹುಚ್ಚು ನಂಬಿಕೆಯ ಕಾಲ ಅದು. ತಲೆ ದೇಹವನ್ನು ಸೇರಿದ್ದು 1954ರಲ್ಲಿ. ನಡುವೆ ಬೇರೆ ಯಾರದೋ ಬುರುಡೆಯನ್ನು ಹೈಡನ್ನನದೆಂದು ಕೊಟ್ಟಿದ್ದರು. ಈಗ ಆ ಸಮಾಧಿಯಲ್ಲಿ ಎರಡು ತಲೆಗಳಿವೆ. ಎರಡನೆಯದು ಯಾರದೆಂದು ಲೋಕಕ್ಕೆ ಬೇಕಾಗಿಲ್ಲ. ನನಗೆ ಬೇಕು ಅನ್ನಿಸುತ್ತದೆ.

## ನಮ್ಮ ನೆಲದ ಬಗ್ಗೆ

ನಮ್ಮಲ್ಲಿ ಸುಡ್ತಾರೆ. ಹಾಗಾಗಿ ಈ ಪಾಪ ನಮ್ಮ ದೇಶಕ್ಕೆ ಬರಲಿಲ್ಲ, ಸರಿನಾ?

ಎಲ್ಲರೂ ಸುಡುವುದಿಲ್ಲ. ನಮ್ಮ ಜಿಲ್ಲೆಯಲ್ಲೇ ನೋಡಿ. ಲಿಂಗಾಯತರು ಕೂರಿಸಿ ಹೂಳುತ್ತಾರೆ. ಮುಸ್ಲಿಮರು, ಕ್ರೈಸ್ತರು, ಇನ್ನೂ ಎಷ್ಟೋ ಸಮುದಾಯದವರು ಮಣ್ಣು ಮಾಡುತ್ತಾರೆ.

ಪಾಪವೂ ಬಂದಿದೆ. ಬಹಳ ವರ್ಷ ಲೋಕದ ವೈದ್ಯಕೀಯ ಶಾಲೆಗಳಿಗೆ ಅಸ್ಥಿಪಂಜರ ಹೋಗುತ್ತಿದ್ದದ್ದು ಕಲ್ಕತ್ತಾದಿಂದ. ಸ್ಮಶಾನಗಳಿಂದ, ನದಿಯಿಂದ ಎತ್ತಿದ ಬಡವರ ಮೂಳೆಗಳನ್ನು ತೊಳೆದು, ಬಿಳಿಮಾಡಿ, ತಂತಿ ಪೋಣಿಸಿ ಹಡಗಿಗೇರಿಸುತ್ತಿದ್ದರು. 1985ರಲ್ಲಿ ಭಾರತ ಸರ್ಕಾರ ರಫ್ತು ನಿಷೇಧಿಸಿತು. ಆಮೇಲೂ ಕಳ್ಳದಾರಿಯಲ್ಲಿ ನಡೆದದ್ದು 2007ರಲ್ಲಿ ಪಶ್ಚಿಮ ಬಂಗಾಳದ ಪೂರ್ಬಸ್ಥಲಿಯಲ್ಲಿ ಪೊಲೀಸರಿಗೆ ಮೂಳೆಗಳ ರಾಶಿ ಸಿಕ್ಕಾಗ ಬಯಲಾಯಿತು. ಸ್ಮಶಾನಕ್ಕೆ ನುಗ್ಗಿ ದೇಹಕ್ಕೆ ಅವಮಾನ ಮಾಡುವುದು ಹಳೆಯ ದಂಡಸಂಹಿತೆಯ 297ನೇ ಕಲಮಿನಲ್ಲಿತ್ತು. ಈಗ ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಮು. ಶಿಕ್ಷೆ ಹೆಚ್ಚೆಂದರೆ ಒಂದು ವರ್ಷ.

ನಮ್ಮ ಬೆಟ್ಟದಲ್ಲಿ ನಿಂತ ಕಲ್ಲುಗಳಿವೆ. ಅದರಡಿ ನಿಧಿ ಇದೆ ಅಂತ ಅಜ್ಜ ಹೇಳ್ತಿದ್ರು. ನಿಜವಾ?

ಕಲ್ಲು ನಿಜ, ನಿಧಿ ಸುಳ್ಳು. ಹೊಸನಗರ ತಾಲ್ಲೂಕಿನ ನಿಲಸ್ಕಲ್‌ನಲ್ಲಿ ಆಳೆತ್ತರದ, ಅದಕ್ಕೂ ಎತ್ತರದ ಕಲ್ಲುಗಳು ನಿಂತಿವೆ. ಇವು ಬೃಹತ್ ಶಿಲಾಯುಗ ಎಂದು ನಾವು ಕರೆಯುವ ಕಾಲದವು. ಸತ್ತವರ ನೆನಪಿಗೆ ಕಲ್ಲು ನಿಲ್ಲಿಸಿದ, ಕಲ್ಲಿನ ಕೋಣೆ ಕಟ್ಟಿದ ಜನ ಅವರು. ಊರವರು ಅದನ್ನು ಪಾಂಡವರ ಲೆಕ್ಕಕ್ಕೆ ಹಾಕಿಬಿಡುತ್ತಾರೆ.

ಆ ಕಾಲದ ಸಮಾಧಿಗಳಲ್ಲಿ ಸಿಗುವುದು ಏನು? 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ಕಪ್ಪು-ಕೆಂಪು ಮಡಕೆ, ಕಬ್ಬಿಣದ ಉಪಕರಣ, ಮಣಿಗಳು, ಮೂಳೆಗಳು ಸಿಕ್ಕವು. ಕೊಪ್ಪರಿಗೆ ತುಂಬಿದ ಹೊನ್ನಲ್ಲ. ಕಳ್ಳರು ಹಾರೆ, ಪಿಕಾಸಿ ಹಾಕಿ ಎಬ್ಬಿಸಿದ ಮೇಲೆ ಒಡೆದ ಮಡಕೆ ಬಿಸಾಡಿ ಹೋಗುತ್ತಾರೆ. ಯಾವ ಮಡಕೆ ಎಲ್ಲಿತ್ತು, ಮೂಳೆ ಯಾವ ಕಡೆ ಮುಖ ಮಾಡಿತ್ತು ಎಂಬುದು ಹೋಯಿತೆಂದರೆ ಆ ಜನರ ಕಥೆಯೂ ಹೋಯಿತು. ಅವರು ಏನನ್ನೂ ಬರೆದಿಟ್ಟಿಲ್ಲ. ಅವರ ಮಾತು ಅಂತ ಉಳಿದಿರುವುದು ಆ ಗುಂಡಿ ಮಾತ್ರ.

ನಾನು ಹುಡುಗನಾಗಿದ್ದಾಗ ನಮ್ಮ ಸೊಪ್ಪಿನಬೆಟ್ಟದ ಅಂಚಿನಲ್ಲಿ ಒಂದು ವೀರಗಲ್ಲು ಇತ್ತು. ದನ ಕಾಯಲು ಹೋದಾಗ ಅದಕ್ಕೆ ಒರಗಿ ಕೂರುತ್ತಿದ್ದೆ. ಒಂದು ಅಮಾವಾಸ್ಯೆಯ ಮಾರನೇ ದಿನ ಹೋದರೆ ಕಲ್ಲು ಬೋರಲು ಬಿದ್ದಿತ್ತು. ಕೆಳಗೆ ಸೊಂಟದಾಳ ಗುಂಡಿ, ಸುತ್ತ ನಿಂಬೆಹಣ್ಣು, ಕುಂಕುಮ. ವೀರಗಲ್ಲು ಗೋರಿಯೇ ಅಲ್ಲ. ಊರಿನ ದನ ಕಾಯಲು ಹೋರಾಡಿ ಸತ್ತವನ ನೆನಪಿನ ಕಲ್ಲು. ಅಡಿಯಲ್ಲಿ ಏನೂ ಇರುವುದಿಲ್ಲ. ಅಜ್ಜಿ ಅವತ್ತು ಊಟ ಮಾಡಲಿಲ್ಲ.

ಶಾಸನದ ಮೇಲೆ ಸೂರ್ಯ, ಚಂದ್ರ, ಹಸು-ಕರು ಕೆತ್ತಿರೋದು ನಿಧಿಯ ಗುರುತಂತೆ?

ಈ ಒಂದು ಸುಳ್ಳಿನಿಂದ ಮಲೆನಾಡಿನಲ್ಲಿ ಎಷ್ಟು ಕಲ್ಲು ಒಡೆದಿದೆಯೋ! ಸೂರ್ಯ ಚಂದ್ರ ಇರುವವರೆಗೂ ಈ ದಾನ ನಡೆಯಲಿ ಎಂದು ಆ ಚಿತ್ರದ ಅರ್ಥ. ಕೊನೆಯಲ್ಲಿ ಬರುವುದು ಶಾಪ. ಇದನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು, ಅಂದರೆ ಹಸುವನ್ನು, ಕೊಂದ ಪಾಪ ತಟ್ಟಲಿ ಎಂದು ನೂರಾರು ಶಾಸನಗಳು ಹೇಳುತ್ತವೆ. ಒಳಗೆ ಬರೆದಿರುವುದು ಗದ್ದೆ, ದೇವಸ್ಥಾನ, ಕೆರೆಗೆ ಬಿಟ್ಟ ಭೂಮಿಯ ಲೆಕ್ಕ. ನಮ್ಮ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ನೂರು ವರ್ಷಕ್ಕೂ ಹಿಂದೆಯೇ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನಸಂಗ್ರಹದ 7 ಮತ್ತು 8ನೇ ಸಂಪುಟಗಳಲ್ಲಿ ಅಚ್ಚು ಹಾಕಿಸಿದ್ದಾರೆ. ನಿಧಿಯ ದಾರಿ ಅದರಲ್ಲಿದ್ದರೆ ಓದಿದ ಮೇಷ್ಟ್ರುಗಳೆಲ್ಲ ಶ್ರೀಮಂತರಾಗಿರುತ್ತಿದ್ದರು.

ತೋಟದಲ್ಲಿ ಬಸಿಗಾಲುವೆ ತೆಗೆಯುವಾಗ ಹಳೆ ಮಡಕೆಯೋ ನಾಣ್ಯವೋ ಸಿಕ್ಕಿದರೆ ಏನ್ ಮಾಡ್ಬೇಕು?

ಅಲ್ಲಿಗೇ ನಿಲ್ಲಿಸಿ. ತೊಳೆಯಬೇಡಿ, ಜಾಗ ಬದಲಿಸಬೇಡಿ. ಫೋಟೋ ತೆಗೆದು ತಹಶೀಲ್ದಾರರಿಗೆ ತಿಳಿಸಿ. ನೆಲದೊಳಗೆ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕು ಎಂಬ ಕಾನೂನು 1878ರಿಂದಲೂ ಇದೆ. ತಿಳಿಸಿದವರನ್ನು ಅದು ಕಳ್ಳರೆಂದು ನೋಡುವುದಿಲ್ಲ. ಮುಚ್ಚಿಟ್ಟವರಿಗೆ ಶಿಕ್ಷೆ. ಹಳೆಯ ವಿಗ್ರಹ, ಶಿಲ್ಪ ಮಾರಿದರೆ 1972ರ ಪ್ರಾಚ್ಯವಸ್ತು ಕಾಯ್ದೆ ಇದೆ. ನಿಧಿಗಾಗಿ ಬಲಿ, ಮಾಟ ಮಾಡಿದರೆ ಕರ್ನಾಟಕದ 2017ರ ವಾಮಾಚಾರ ತಡೆ ಕಾಯ್ದೆಯೂ ಬರುತ್ತದೆ.

## ಯೋಚಿಸಿ ಕೇಳಿದವರ ಪ್ರಶ್ನೆಗಳು

ಪುರಾತತ್ವದವರು ಅಗೆಯೋದು ಕೂಡ ಗೋರಿ ಕಳ್ಳತನವೇ ಅಲ್ವಾ?

ಒಬ್ಬ ಹುಡುಗಿ ತರಗತಿಯಲ್ಲಿ ಇದನ್ನು ಕೇಳಿದಾಗ ನಾನು ತಕ್ಷಣ ಉತ್ತರ ಕೊಡಲಿಲ್ಲ. ಪುರಾತತ್ವದವರು ಅನುಮತಿ ಪಡೆದು, ಇಂಚು ಇಂಚು ಬರೆದಿಟ್ಟು, ಸಿಕ್ಕಿದ್ದನ್ನು ಎಲ್ಲರಿಗೂ ತೋರಿಸುತ್ತಾರೆ. 1987ರಲ್ಲಿ ಪೆರುವಿನ ಸಿಪಾನ್‌ನಲ್ಲಿ ಕಳ್ಳರು ಹಳೆಯ ಕಾಲದ ಮೋಚೆ ಜನರ ಗೋರಿಯೊಂದಕ್ಕೆ ನುಗ್ಗಿದ ಮೇಲೆ, ವಾಲ್ಟರ್ ಆಲ್ವಾ ಎಂಬ ಪುರಾತತ್ವಜ್ಞ ಅಲ್ಲೇ ಕಾವಲು ಕೂತು ಉಳಿದದ್ದನ್ನು ಕಾಪಾಡಿದರು. ಇಲ್ಲದಿದ್ದರೆ ಅಲ್ಲೇ ಇದ್ದ ಮೋಚೆ ದೊರೆಯೊಬ್ಬನ ಗೋರಿಯೂ ತುಂಡು ತುಂಡಾಗಿ ಮಾರಾಟವಾಗುತ್ತಿತ್ತು.

ಆದರೂ ಹುಡುಗಿಯ ಪ್ರಶ್ನೆ ಸಾಯುವುದಿಲ್ಲ. ಐರ್ಲೆಂಡಿನ ಚಾರ್ಲ್ಸ್ ಬರ್ನ್ 7 ಅಡಿ 7 ಇಂಚು ಎತ್ತರದವನು. ತನ್ನನ್ನು ಕೊಯ್ಯುತ್ತಾರೆಂದು ಹೆದರಿ, ಸತ್ತ ಮೇಲೆ ಸಮುದ್ರದಲ್ಲಿ ಮುಳುಗಿಸಿ ಎಂದು ಗೆಳೆಯರನ್ನು ಬೇಡಿಕೊಂಡಿದ್ದ. 1783ರಲ್ಲಿ ಅವನು ಸತ್ತಾಗ ಶಸ್ತ್ರವೈದ್ಯ ಜಾನ್ ಹಂಟರ್ ಲಂಚ ಕೊಟ್ಟು ದೇಹ ತರಿಸಿಕೊಂಡ. ಅಸ್ಥಿಪಂಜರ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಎರಡು ಶತಮಾನ ನಿಂತಿತ್ತು. ಇನ್ನು ಪ್ರದರ್ಶನಕ್ಕಿಡುವುದಿಲ್ಲ ಎಂದು ಅವರು ಹೇಳಿದ್ದು 2023ರಲ್ಲಿ. ಸಮುದ್ರಕ್ಕೆ ಮಾತ್ರ ಇನ್ನೂ ಕಳಿಸಿಲ್ಲ. ಅವನು ಬಾಯಿಬಿಟ್ಟು ಬೇಡ ಅಂದಿದ್ದ. ಹಾಗಾಗಿ ನನ್ನ ಪ್ರಕಾರ ಅದು ಕಳ್ಳತನವೇ.

ಈ ಕಾಲದಲ್ಲಿ ಇಂಥದ್ದೆಲ್ಲ ಎಲ್ಲಿ ನಡೆಯುತ್ತೆ?

ಪ್ರಸಿದ್ಧ ಪತ್ರಕರ್ತ ಆಲಿಸ್ಟೇರ್ ಕುಕ್ 2004ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಅಂತ್ಯಸಂಸ್ಕಾರಕ್ಕೆ ಕೊಟ್ಟ ದೇಹದಿಂದ ಮೂಳೆಗಳನ್ನು ತೆಗೆದು, ಕಸಿ ಮಾಡುವ ಕಂಪನಿಗಳಿಗೆ ಮಾರಿದ್ದರು. ಮನೆಯವರು ಒಪ್ಪಿದ್ದಾರೆಂದು ಸುಳ್ಳು ಕಾಗದ ಮಾಡಿದ್ದರು. ಅವರಿಗೆ 95 ವರ್ಷ, ಕ್ಯಾನ್ಸರ್ ಮೂಳೆಗೂ ಹರಡಿತ್ತು. ಕಾಗದದಲ್ಲಿ ವಯಸ್ಸು ಇಳಿಸಿ, ಕಾಯಿಲೆಯ ಹೆಸರು ಬದಲಿಸಿದ್ದರು. ಆ ಜಾಲ ನಡೆಸಿದ್ದ ದಂತವೈದ್ಯನಿಗೆ 2008ರಲ್ಲಿ ಶಿಕ್ಷೆಯಾಯಿತು. ಗುದ್ದಲಿಯ ಜಾಗಕ್ಕೆ ಪೆನ್ನು ಬಂದಿದೆ.

ದೇಹದಾನ ಅಂತ ಬರೆದುಕೊಟ್ಟರೆ ಸಾಕಾ? ಆಮೇಲೆ ಏನೇನು ಮಾಡ್ಬೇಕು?

ಬರೆದಿಟ್ಟರೆ ಸಾಲದು, ಮನೆಯವರಿಗೆ ಹೇಳಿಡಬೇಕು. ನೀವು ಹೋದ ಮೇಲೆ ಫೋನು ಮಾಡುವವರು ಅವರೇ. ಅವರು ಬೇಡ ಅಂದರೆ ಕಾಲೇಜಿನವರು ಬಲವಂತ ಮಾಡುವುದಿಲ್ಲ. ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಅರ್ಜಿ ಸಿಗುತ್ತದೆ. ಸಾಕ್ಷಿಗಳ ಸಹಿ, ಹತ್ತಿರದ ಸಂಬಂಧಿಕರ ಒಪ್ಪಿಗೆ ಬೇಕು. ಶಿವಮೊಗ್ಗದಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಬೆಂಗಳೂರಿಗೆ ಓಡಬೇಕಿಲ್ಲ. ಸಾವಿನ ನಂತರ ತಡಮಾಡದೆ ತಿಳಿಸಬೇಕು. ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರದ ಒಳಹಳ್ಳಿಯವರು ದಾರಿಯ ಲೆಕ್ಕವನ್ನೂ ಹಾಕಿಕೊಳ್ಳಬೇಕು. ಅಪಘಾತ, ಆತ್ಮಹತ್ಯೆಯಂಥ ಪೋಸ್ಟ್‌ಮಾರ್ಟಂ ಆಗುವ ದೇಹವನ್ನು, ಕೆಲವು ಸೋಂಕು ಇರುವ ದೇಹವನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಕಣ್ಣು ಕೊಡುವುದಿದ್ದರೆ 6 ಗಂಟೆಯೊಳಗೆ ಆಗಬೇಕು.

ಅಮ್ಮನನ್ನು ಕೊಟ್ಟಿದ್ದಕ್ಕೆ ನಿಮಗೆ ಬೇಜಾರಾಗಲಿಲ್ವಾ?

ಆಯಿತು. ಬಾಗಿಲವರೆಗೆ ಹೋಗಿ ಬರಿಗೈಯಲ್ಲಿ ವಾಪಸ್ ಬಂದ ದಿನ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಅಸ್ಥಿ ಬಿಡಲು ತುಂಗೆಯ ಹತ್ತಿರ ಹೋಗುವ ಕೆಲಸವೂ ಇರಲಿಲ್ಲ.

ಆದರೆ ಅವಳು ಅರ್ಜಿ ತುಂಬಿಸಿದ ಸಂಜೆ ನನಗೆ ನೆನಪಿದೆ. ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದವಳು ಮೆಟ್ಟುಗತ್ತಿಯಿಂದ ಎದ್ದು ಬಂದು, ಕೈ ಒರೆಸಿಕೊಂಡು, ಪ್ರತಿ ಸಾಲನ್ನೂ ನನ್ನಿಂದ ಎರಡೆರಡು ಸಲ ಓದಿಸಿದಳು. ಯಾರು ಕೊಯ್ಯುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂದು ಕೇಳಿದಳು. ಮೊದಲ ವರ್ಷದ ಹುಡುಗರು, ಶುರು ಮಾಡುವ ಮೊದಲು ಕೈಮುಗಿದು ಪ್ರತಿಜ್ಞೆ ಮಾಡುತ್ತಾರಂತೆ ಅಂದೆ. "ಹಂಗಾದ್ರೆ ಆಯ್ತು" ಎಂದು ಸಹಿ ಹಾಕಿದಳು. ಆಮೇಲೆ ಮೂಗುತಿ ಬಿಚ್ಚಿ ಮೊಮ್ಮಗಳ ಕೈಯಲ್ಲಿಟ್ಟು, ಮತ್ತೆ ಅಡಿಕೆ ಸುಲಿಯಲು ಕೂತಳು.